‘ಟೇಕಾಫ್’ ಎಂಬ ಮಾತನ್ನು ಯಾವಾಗ ಆಡಬೇಕು

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಏರ್ ಟ್ರಾಫಿಕ್ ಕಂಟ್ರೋಲ್ (ಎಟಿಸಿ), ಅಂದರೆ ವಿಮಾನ ಸಂಚಾರ ನಿಯಂತ್ರಣ ಅಂದ ಕೂಡಲೇ ನಿಮಗೆ ರೇಡಾರ್ ಪರದೆ, ಗಾಜಿನ ಟವರ್, ಕಿವಿಗೆ ಹೆಡ್‌ಸೆಟ್ ನೆನಪಾಗುತ್ತವೆ. ಅವೆಲ್ಲ ಇವೆ. ಆದರೆ ನಮ್ಮ ಕೆಲಸದ ಬಹುಪಾಲು ನಡೆಯುವುದು ಮಾತಿನಲ್ಲಿ. ಆ ಮಾತಿನಲ್ಲಿ ಒಂದು ಸಣ್ಣ ತುಣುಕನ್ನು ಮಾತ್ರ ಇವತ್ತು ತೆಗೆದುಕೊಳ್ಳುತ್ತೇನೆ: ವಿಮಾನ ಹೊರಡುವ ಮೊದಲು ಕಂಟ್ರೋಲರ್ ಪೈಲಟ್‌ಗೆ ಕೊಡುವ ಡಿಪಾರ್ಚರ್ ಕ್ಲಿಯರೆನ್ಸ್, ಅಂದರೆ ಮೇಲೇರಿದ ಮೇಲೆ ಹೋಗಬೇಕಾದ ದಾರಿ, ಎತ್ತರಗಳ ಅನುಮತಿ. ರನ್‌ವೇ ಬಿಟ್ಟು ಏರಲು ಕೊಡುವ ಟೇಕಾಫ್ ಅನುಮತಿ ಬೇರೆ. ಒಂದೆರಡು ವಾಕ್ಯದ ಸಂಗತಿ. ಆ ವಾಕ್ಯಗಳಲ್ಲಿ ಯಾವ ಪದ ಇರಬೇಕು, ಯಾವುದು ಇರಲೇಬಾರದು ಎಂದು ತೀರ್ಮಾನವಾಗುವ ಮೊದಲು ನೂರಾರು ಜನ ಸತ್ತಿದ್ದಾರೆ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವನ್ನೇ ತೆಗೆದುಕೊಳ್ಳೋಣ. ದೆಹಲಿಗೆ ಹೋಗುವ ವಿಮಾನ ಇನ್ನೂ ಗೇಟಿನಲ್ಲೇ ನಿಂತಿದೆ. ಪ್ರಯಾಣಿಕರು ಬ್ಯಾಗು ಮೇಲಿಡುತ್ತಿದ್ದಾರೆ. ಕಾಕ್‌ಪಿಟ್‌ನಲ್ಲಿ ಒಬ್ಬ ಪೈಲಟ್ ಪೆನ್ನು ಹಿಡಿದು ಕೂತಿದ್ದಾರೆ. ಕಂಟ್ರೋಲರ್ ಹೇಳುವುದು ಹೆಚ್ಚುಕಡಿಮೆ ಹೀಗೆ. ಇಲ್ಲಿರುವ ಅಂಕಿಗಳೆಲ್ಲ ಬರೀ ಉದಾಹರಣೆಗೆ:

“ಐಫ್ಲೈ ತ್ರೀ ವನ್ ಟೂ, ಕ್ಲಿಯರ್ಡ್ ಟು ಡೆಲ್ಲಿ, ಇಂತಿಂಥ ವನ್ ಆಲ್ಫಾ ಡಿಪಾರ್ಚರ್, ಫ್ಲೈಟ್ ಪ್ಲಾನ್ಡ್ ರೂಟ್, ಕ್ಲೈಂಬ್ ಫ್ಲೈಟ್ ಲೆವೆಲ್ ಏಯ್ಟ್ ಝೀರೋ, ಸ್ಕ್ವಾಕ್ ಟೂ ಫೋರ್ ಝೀರೋ ವನ್.”

ಐಫ್ಲೈ ಎನ್ನುವುದು ಇಂಡಿಗೊ ವಿಮಾನಗಳ ರೇಡಿಯೋ ಹೆಸರು. ಅದರ ಮುಂದೆ ಕ್ಲಿಯರೆನ್ಸ್ ಲಿಮಿಟ್, ಅಂದರೆ ಈ ಅನುಮತಿ ಎಲ್ಲಿಯವರೆಗೆ ಎಂಬುದು. ದೆಹಲಿಗೆ ಹೋಗುವ ವಿಮಾನಕ್ಕೆ ದೆಹಲಿ ಎಂದು ಹೇಳುವ ಅಗತ್ಯವೇನು ಎಂದು ಹೊಸದಾಗಿ ತರಬೇತಿಗೆ ಬಂದ ಹುಡುಗರು ಕೇಳುತ್ತಾರೆ. ಮೇಲೇರಿದ ಮೇಲೆ ವಿಮಾನದ ರೇಡಿಯೋ ಕೆಟ್ಟುಹೋಯಿತು ಎಂದಿಟ್ಟುಕೊಳ್ಳಿ. ಪೈಲಟ್ ಟ್ರಾನ್ಸ್‌ಪಾಂಡರ್‌ನಲ್ಲಿ, ಅಂದರೆ ನಮ್ಮ ರೇಡಾರ್‌ಗೆ ವಿಮಾನದ ಗುರುತಿನ ಸಂಖ್ಯೆ ಕಳಿಸುವ ಸಾಧನದಲ್ಲಿ, 7600 ಎಂದು ಹಾಕುತ್ತಾರೆ. ‘ನನ್ನ ರೇಡಿಯೋ ಸತ್ತಿದೆ’ ಎಂದು ನಮಗೆ ತಿಳಿಯುತ್ತದೆ. ಆಮೇಲೆ ನಾವು ಅವರಿಗೆ ಏನನ್ನೂ ಹೇಳಲಾಗುವುದಿಲ್ಲ, ಅವರೂ ಏನನ್ನೂ ಕೇಳಲಾಗುವುದಿಲ್ಲ. ಎಲ್ಲಿಯವರೆಗೆ ಹೋಗಬಹುದು, ಯಾವ ದಾರಿ, ಎಷ್ಟೆತ್ತರ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿದ್ದರೆ ಮಾತ್ರ ಅವರು ಮುಂದೆ ಏನು ಮಾಡುತ್ತಾರೆ ಎಂದು ನಾವು ಊಹಿಸಿ ಉಳಿದ ವಿಮಾನಗಳನ್ನು ದಾರಿಯಿಂದ ಸರಿಸಬಹುದು. ನೆಲದ ಮೇಲೆ ಮಾಡಿಕೊಂಡ ಆ ಒಂದು ಸಾಲಿನ ಒಪ್ಪಂದ ಆಗ ಇಬ್ಬರನ್ನೂ ಕಾಯುತ್ತದೆ. ಹಾಗಾಗಿ ಗೊತ್ತಿದ್ದರೂ ಹೇಳುತ್ತೇವೆ.

ಆಮೇಲೆ ಬರುವುದು ಡಿಪಾರ್ಚರ್‌ನ ಹೆಸರು. ರನ್‌ವೇ ಬಿಟ್ಟ ಮೇಲೆ ಎಲ್ಲಿ ತಿರುಗಬೇಕು, ಯಾವ ಬಿಂದುವನ್ನು ಎಷ್ಟೆತ್ತರದಲ್ಲಿ ದಾಟಬೇಕು ಎಂಬ ದಾರಿಯನ್ನು ಮೊದಲೇ ನಕ್ಷೆಯಲ್ಲಿ ಅಚ್ಚುಹಾಕಿ ಹೆಸರಿಟ್ಟಿರುತ್ತಾರೆ. ಒಂದು ಬಿಂದುವಿನ ಹೆಸರು, ಒಂದು ಅಂಕಿ, ಒಂದು ಅಕ್ಷರ. ಅಂಕಿ ಆ ದಾರಿಯ ಆವೃತ್ತಿಯನ್ನು ಹೇಳುತ್ತದೆ. ದಾರಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಪೈಲಟ್ ಕೈಯಲ್ಲಿ ಹಳೆಯ ನಕ್ಷೆ ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಅಕ್ಷರಗಳಲ್ಲಿ ಐ ಮತ್ತು ಓ ಬಳಸುವುದಿಲ್ಲ, ಒಂದು ಮತ್ತು ಸೊನ್ನೆಯಂತೆ ಕಾಣುತ್ತವೆ ಎಂದು. ಅರ್ಧ ಪುಟದ ವಿವರಣೆ ಒಂದು ಹೆಸರಿನಲ್ಲಿ ಮುಗಿಯುತ್ತದೆ. ಬೆಂಗಳೂರಿನಂಥ ಕಡೆ ಇದು ತುಂಬ ಮುಖ್ಯ. ಪಕ್ಕದಲ್ಲೇ ಯಲಹಂಕ ವಾಯುನೆಲೆ ಇದೆ, ಜಕ್ಕೂರು ಇದೆ, ಆಚೆಗೆ ಎಚ್ಎಎಲ್ ಇದೆ. ಎಲ್ಲರ ವಿಮಾನಗಳಿಗೂ ಇರುವುದು ಒಂದೇ ಆಕಾಶ.

ಸ್ಕ್ವಾಕ್ ಎಂದರೆ ರೇಡಾರ್ ಪರದೆಯಲ್ಲಿ ಈ ವಿಮಾನವನ್ನು ಗುರುತಿಸಲು ಕೊಡುವ ನಾಲ್ಕಂಕಿಯ ಸಂಖ್ಯೆ. ಸೊನ್ನೆಯಿಂದ ಏಳರವರೆಗಿನ ಅಂಕಿಗಳಷ್ಟೇ ಇರುವುದರಿಂದ ಒಟ್ಟು 4096 ಸಂಖ್ಯೆಗಳು.

ಎತ್ತರದ ವಿಷಯಕ್ಕೆ ಬರುತ್ತೇನೆ. ವಿಮಾನ ಕೊನೆಗೆ ಮೂವತ್ತೈದು ಸಾವಿರ ಅಡಿಗೆ ಹೋಗುವುದಿದ್ದರೂ ಹೊರಡುವಾಗ ನಾವು ಕೊಡುವುದು ಮೊದಲ ಮೆಟ್ಟಿಲಿನಷ್ಟು ಎತ್ತರ. ಉದಾಹರಣೆಯಲ್ಲಿದ್ದ ಫ್ಲೈಟ್ ಲೆವೆಲ್ ಏಯ್ಟ್ ಝೀರೋ ಅಂದರೆ ಸುಮಾರು ಎಂಟು ಸಾವಿರ ಅಡಿ. ಇಳಿಯಲು ಬರುತ್ತಿರುವವರು ಅದರ ಮೇಲೆ ಇರುತ್ತಾರೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿಯಾ ವಿಮಾನಕ್ಕೆ ಹದಿನಾಲ್ಕು ಸಾವಿರ ಅಡಿಯಲ್ಲೇ ಇರಿ, ಮೇಲಿನ ಎತ್ತರಕ್ಕೆ ಕಾಯಿರಿ ಎಂದು ಹೇಳಲಾಗಿತ್ತು. ಅವರು ಅದನ್ನು ಸರಿಯಾಗಿ ಕೇಳಿಸಿಕೊಂಡು ಹಾಗೇ ಹಾರುತ್ತಿದ್ದರು. ಎದುರಿನಿಂದ ಇಳಿಯುತ್ತಿದ್ದ ಕಝಕಸ್ತಾನದ ವಿಮಾನಕ್ಕೆ ಹದಿನೈದು ಸಾವಿರ ಅಡಿ ಎಂದು ಹೇಳಲಾಗಿತ್ತು. ಅದು ಅದಕ್ಕಿಂತ ಕೆಳಗೆ ಇಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಢಿಕ್ಕಿಯಾಗಿ 349 ಜನ ಸತ್ತರು. ಆಗ ದೆಹಲಿಗೆ ಬರುವವರಿಗೂ ಹೋಗುವವರಿಗೂ ಒಂದೇ ದಾರಿ ಇತ್ತು. ಆ ಅಪಘಾತದ ನಂತರ ದಾರಿಗಳನ್ನು ಬೇರೆ ಮಾಡಿದರು. ಕಝಕ್ ಸಿಬ್ಬಂದಿಯ ಇಂಗ್ಲಿಷ್ ಕಷ್ಟದ್ದಾಗಿತ್ತು. ಮುಂದೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಪೈಲಟ್ ಮತ್ತು ಕಂಟ್ರೋಲರ್ ಇಬ್ಬರಿಗೂ ಇಂಗ್ಲಿಷ್ ಮಾತಿನ ಪರೀಕ್ಷೆ ಕಡ್ಡಾಯ ಮಾಡಿತು. ಆರು ಹಂತಗಳ ಅಳತೆಯಲ್ಲಿ ಕನಿಷ್ಠ ನಾಲ್ಕನೆಯ ಹಂತ ಬೇಕು. ಈ ನಿಯಮ ಬರಲು ಇದ್ದ ಕಾರಣಗಳಲ್ಲಿ ಚರ್ಖಿ ದಾದ್ರಿಯೂ ಒಂದು.

ಕ್ಲಿಯರೆನ್ಸ್ ಕೊಟ್ಟಾಯಿತು. ಈಗ ಪೈಲಟ್ ಅದನ್ನು ಇಡಿಯಾಗಿ ತಿರುಗಿ ಹೇಳಬೇಕು. ಇದು ರೀಡ್‌ಬ್ಯಾಕ್. ‘ಸರಿ, ಗೊತ್ತಾಯ್ತು’ ಅಂದರೆ ನಡೆಯುವುದಿಲ್ಲ. ‘ರಾಜರ್’ ಎಂದರೂ ಸಾಲದು, ಅದು ನಿಮ್ಮ ಮಾತು ನನಗೆ ತಲುಪಿತು ಎಂದಷ್ಟೇ ಹೇಳುತ್ತದೆ. ಏನು ತಲುಪಿತು ಎಂದು ಹೇಳುವುದಿಲ್ಲ. ಪೈಲಟ್ ತಿರುಗಿ ಓದುತ್ತಿರುವಾಗ ಕಂಟ್ರೋಲರ್ ಏನು ಮಾಡುತ್ತಾರೆ ಎಂದು ಹತ್ತಿರದಿಂದ ನೋಡಿ. ಅವರ ಮುಂದೆ ಆ ವಿಮಾನದ ಒಂದು ಪಟ್ಟಿ ಇರುತ್ತದೆ, ಸ್ಟ್ರಿಪ್ ಅನ್ನುತ್ತೇವೆ. ಬೆರಳುದ್ದಕ್ಕಿಂತ ಸ್ವಲ್ಪ ದೊಡ್ಡ ಕಾಗದ, ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿ ಸಿಕ್ಕಿಸಿದ್ದು. ಈಗ ಹಲವು ಕಡೆ ಅದೂ ಪರದೆಯ ಮೇಲೇ ಬಂದಿದೆ. ನಾನು ಕಲಿತದ್ದು ಕಾಗದದ ಕಾಲದಲ್ಲಿ. ಪೈಲಟ್ ‘ಡೆಲ್ಲಿ’ ಎಂದಾಗ ಡೆಲ್ಲಿಯ ಕೆಳಗೆ ಗೆರೆ. ‘ಏಯ್ಟ್ ಝೀರೋ’ ಎಂದಾಗ ಆ ಎತ್ತರದ ಕೆಳಗೆ ಗೆರೆ. ಸ್ಕ್ವಾಕ್‌ನ ನಾಲ್ಕೂ ಅಂಕಿ ಮುಗಿಯುವವರೆಗೆ ಪೆನ್ನು ಮೇಲೇಳಬಾರದು. ಇನ್ನೊಬ್ಬ ಸಹೋದ್ಯೋಗಿ ಪಕ್ಕದಲ್ಲಿ ಏನೋ ಕೇಳುತ್ತಿದ್ದರೂ ಆ ಕ್ಷಣ ತಿರುಗಬಾರದು ಎಂದು ಹಿರಿಯರು ಹೇಳಿಕೊಡುತ್ತಿದ್ದರು. ಎಲ್ಲ ಸರಿಯಿದ್ದರೆ ‘ರೀಡ್‌ಬ್ಯಾಕ್ ಕರೆಕ್ಟ್’. ಒಂದು ಅಂಕಿ ತಪ್ಪಿದ್ದರೂ ‘ನೆಗೆಟಿವ್’ ಎಂದು, ಸರಿಯಾದುದನ್ನು ಮತ್ತೆ ಹೇಳಿ, ಅದನ್ನೂ ತಿರುಗಿ ಓದಿಸಿಕೊಳ್ಳಬೇಕು.

ಕೇಳಲು ಸುಲಭ. ಕಷ್ಟ ಎಲ್ಲಿದೆ ಎಂದರೆ ಮನುಷ್ಯನ ಕಿವಿಯಲ್ಲಿ. ದಿನವೂ ಅದೇ ಮಾರ್ಗದಲ್ಲಿ ಹಾರುವ ಪೈಲಟ್‌ಗೆ ದಿನವೂ ಫ್ಲೈಟ್ ಲೆವೆಲ್ ಏಯ್ಟ್ ಝೀರೋ ಸಿಗುತ್ತಿರುತ್ತದೆ. ಇವತ್ತು ಏನೋ ಕಾರಣಕ್ಕೆ ಸಿಕ್ಸ್ ಝೀರೋ ಕೊಟ್ಟರೆ, ಅವರು ನಿಜಕ್ಕೂ ‘ಏಯ್ಟ್ ಝೀರೋ’ ಎಂದೇ ಕೇಳಿಸಿಕೊಳ್ಳಬಹುದು. ಬೇಜವಾಬ್ದಾರಿ ಅಲ್ಲ ಅದು. ಕಾಯುತ್ತಿರುವ ಕಿವಿಗೆ ತಾನು ಕಾದದ್ದೇ ಕೇಳಿಸುತ್ತದೆ. ಕಂಟ್ರೋಲರ್‌ಗೂ ಹಾಗೇ: ತಾನು ಹೇಳಿದ್ದು ಸಿಕ್ಸ್ ಝೀರೋ ಆದ್ದರಿಂದ ಪೈಲಟ್ ತಪ್ಪಾಗಿ ಓದಿದರೂ ಸರಿಯಾಗೇ ಕೇಳಿಸಿಬಿಡುವ ಅಪಾಯ. ಮೂರನ್ನು ‘ಟ್ರೀ’, ನಾಲ್ಕನ್ನು ‘ಫೋವರ್’, ಐದನ್ನು ‘ಫೈಫ್’, ಒಂಬತ್ತನ್ನು ‘ನೈನರ್’ ಎಂದು ಉಚ್ಚರಿಸಬೇಕೆಂಬ ನಿಯಮ, ನಿಮಿಷಕ್ಕೆ ನೂರು ಪದಗಳನ್ನು ಮೀರಬಾರದೆಂಬ ನಿಯಮ, ಎಲ್ಲವೂ ಈ ಕಿವಿಗಾಗಿಯೇ ಇರುವುದು. ಹಾಗಿದ್ದರೆ, ನಿಂತ ವಿಮಾನದಲ್ಲಿ ಗಂಟೆಗಟ್ಟಲೆ ಕಾದು ಕೂತ ಪೈಲಟ್ ಎಲ್ಲಕ್ಕಿಂತ ಹೆಚ್ಚಾಗಿ ಯಾವ ಮಾತಿಗೆ ಕಾಯುತ್ತಿರುತ್ತಾರೆ? ‘ಹೊರಡಿ’ ಎಂಬ ಮಾತಿಗೆ.

1977ರ ಮಾರ್ಚ್ 27, ಭಾನುವಾರ. ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳು. ಗ್ರಾನ್ ಕ್ಯಾನರಿಯ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ಅಲ್ಲಿಗೆ ಬರಬೇಕಿದ್ದ ವಿಮಾನಗಳನ್ನೆಲ್ಲ ಪಕ್ಕದ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣಕ್ಕೆ ಕಳಿಸಿದರು. ಸಣ್ಣ ನಿಲ್ದಾಣ, ಒಂದೇ ರನ್‌ವೇ. ನಿಲ್ಲಿಸಿದ ವಿಮಾನಗಳು ರನ್‌ವೇ ತುದಿಗೆ ಹೋಗುವ ಪಕ್ಕದ ದಾರಿಯಾದ ಟ್ಯಾಕ್ಸಿವೇಯನ್ನೂ ತುಂಬಿಕೊಂಡಿದ್ದರಿಂದ, ಹೊರಡುವ ವಿಮಾನಗಳು ರನ್‌ವೇ ಮೇಲೇ ತೆವಳಿಕೊಂಡು ಆ ತುದಿಗೆ ಹೋಗಿ ತಿರುಗಿ ನಿಲ್ಲಬೇಕಿತ್ತು. ನೆದರ್ಲೆಂಡ್ಸ್‌ನ (ಡಚ್) ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ 747 ವಿಮಾನ ತುದಿ ಮುಟ್ಟಿ ತಿರುಗಿ ನಿಂತಿತು. ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ಇನ್ನೊಂದು 747 ಅದೇ ರನ್‌ವೇ ಮೇಲೆ ಹಿಂದಿನಿಂದ ಬರುತ್ತಿತ್ತು. ದಟ್ಟ ಮಂಜು. ಟವರ್‌ಗೆ ಇಬ್ಬರೂ ಕಾಣುತ್ತಿರಲಿಲ್ಲ, ನೆಲದ ರೇಡಾರ್ ಇರಲಿಲ್ಲ. ಡಚ್ ಸಿಬ್ಬಂದಿಗೆ ಕೆಲಸದ ಅವಧಿ ಮೀರಿಹೋಗುವ ಆತಂಕವೂ ಇತ್ತು.

ಕೆಎಲ್‌ಎಂ ಕ್ಯಾಪ್ಟನ್ ಎಂಜಿನ್‌ಗಳ ಬಲ ಏರಿಸಲು ಹೊರಟಾಗ ಸಹ ಪೈಲಟ್, ತಡೆಯಿರಿ, ನಮಗಿನ್ನೂ ಕ್ಲಿಯರೆನ್ಸ್ ಸಿಕ್ಕಿಲ್ಲ ಎಂದರು. ಗೊತ್ತು, ಕೇಳಿ ಎಂದರು ಕ್ಯಾಪ್ಟನ್. ಸಹ ಪೈಲಟ್ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದರು: ನಾವು ಟೇಕಾಫ್‌ಗೆ ಸಿದ್ಧ, ನಮ್ಮ ಎಟಿಸಿ ಕ್ಲಿಯರೆನ್ಸ್‌ಗೆ ಕಾಯುತ್ತಿದ್ದೇವೆ. ಕಂಟ್ರೋಲರ್ ಉತ್ತರಿಸಿದ್ದು ಎರಡನೆಯದಕ್ಕೆ ಮಾತ್ರ. ಪಾಪಾ ಬೀಕನ್ (ದಾರಿ ತೋರುವ ರೇಡಿಯೋ ಕೇಂದ್ರ)ವರೆಗೆ ಕ್ಲಿಯರ್ಡ್, ಲೆವೆಲ್ ನೈನ್ ಝೀರೋಗೆ ಏರಿ, ಟೇಕಾಫ್ ನಂತರ ಬಲಕ್ಕೆ ತಿರುಗಿ, ಇತ್ಯಾದಿ. ಗಮನಿಸಿ. ‘ಕ್ಲಿಯರ್ಡ್’ ಎಂಬ ಮಾತೂ ಬಂತು, ‘ಟೇಕಾಫ್’ ಎಂಬ ಮಾತೂ ಬಂತು. ಕಂಟ್ರೋಲರ್ ಕೊಟ್ಟದ್ದು ಮೇಲೇರಿದ ನಂತರದ ದಾರಿಯನ್ನು. ರನ್‌ವೇ ತುದಿಯಲ್ಲಿ ಕೂತವರ ಕಿವಿಗೆ ಬಿದ್ದದ್ದು ಅವರು ಮಧ್ಯಾಹ್ನದಿಂದ ಕಾಯುತ್ತಿದ್ದ ಎರಡು ಪದ.

ಸಹ ಪೈಲಟ್ ಇನ್ನೂ ತಿರುಗಿ ಓದುತ್ತಿರುವಾಗಲೇ ಬ್ರೇಕ್ ಬಿಟ್ಟು ವಿಮಾನ ಓಡತೊಡಗಿತು. ಅವರು ಓದುವಿಕೆಯ ಕೊನೆಗೆ ‘ವಿ ಆರ್ ನೌ ಅಟ್ ಟೇಕಾಫ್’ ಎಂದು ಸೇರಿಸಿದರು. ಟೇಕಾಫ್ ಮಾಡುತ್ತಿದ್ದೇವೆ ಎಂದೋ, ಟೇಕಾಫ್ ಜಾಗದಲ್ಲಿ ನಿಂತಿದ್ದೇವೆ ಎಂದೋ? ಕಂಟ್ರೋಲರ್ ಎರಡನೆಯ ಅರ್ಥ ಹಿಡಿದು ‘ಓಕೆ’ ಎಂದರು, ಒಂದೆರಡು ಕ್ಷಣ ಬಿಟ್ಟು ‘ಸ್ಟ್ಯಾಂಡ್ ಬೈ ಫಾರ್ ಟೇಕಾಫ್, ಐ ವಿಲ್ ಕಾಲ್ ಯು’ ಎಂದರು. ಅದೇ ಕ್ಷಣಕ್ಕೆ ಪ್ಯಾನ್ ಆಮ್, ನಾವಿನ್ನೂ ರನ್‌ವೇ ಮೇಲೆ ಇದ್ದೇವೆ ಎಂದಿತು. ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಸಿಳ್ಳೆಯಂಥ ಕಿರುಚು ಶಬ್ದ ಬರುತ್ತದೆ. ಕೆಎಲ್‌ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ತಲುಪಿದ್ದು ‘ಓಕೆ’ ಒಂದೇ. ಆಮೇಲಿನ ರೇಡಿಯೋ ಮಾತು ಕೇಳಿದ ಫ್ಲೈಟ್ ಎಂಜಿನಿಯರ್, ಆ ಪ್ಯಾನ್ ಆಮ್ ಇನ್ನೂ ಹೊರಗೆ ಹೋಗಿಲ್ಲವೇ ಎಂದು ಕೇಳಿದರು. ಹೋಗಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದರು. ಎರಡೂ ವಿಮಾನಗಳು ರನ್‌ವೇ ಮೇಲೇ ಢಿಕ್ಕಿಯಾಗಿ 583 ಜನ ಸತ್ತರು. ಕೆಎಲ್‌ಎಂನಲ್ಲಿದ್ದ 248 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ಯಾನ್ ಆಮ್‌ನಲ್ಲಿ 61 ಮಂದಿ ಬದುಕಿದರು.

ಸ್ಪೇನ್‌ನ ತನಿಖಾ ವರದಿ ಕೊಟ್ಟ ಶಿಫಾರಸುಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸೇರಿದವು: ದಾರಿಯ ಕ್ಲಿಯರೆನ್ಸ್‌ನಲ್ಲಿ ಟೇಕಾಫ್ ಎಂಬ ಪದ ಬಳಸಬೇಡಿ, ದಾರಿಯ ಕ್ಲಿಯರೆನ್ಸ್‌ಗೂ ಟೇಕಾಫ್ ಕ್ಲಿಯರೆನ್ಸ್‌ಗೂ ನಡುವೆ ಸಾಕಷ್ಟು ಸಮಯ ಬಿಡಿ. ಇವತ್ತು ಜಗತ್ತಿನ ಎಲ್ಲ ಕಡೆಯೂ ನಿಯಮ ಇದೇ. ಟೇಕಾಫ್ ಎಂಬ ಪದವನ್ನು ಟೇಕಾಫ್‌ಗೆ ಅನುಮತಿ ಕೊಡುವಾಗ, ಅಥವಾ ಕೊಟ್ಟದ್ದನ್ನು ರದ್ದು ಮಾಡುವಾಗ ಮಾತ್ರ ಆಡಬೇಕು. ಉಳಿದೆಲ್ಲ ಹೊತ್ತಿನಲ್ಲಿ ‘ಡಿಪಾರ್ಚರ್’ ಅಥವಾ ‘ಏರ್‌ಬೋರ್ನ್’. ಪೈಲಟ್ ಕೂಡ ‘ರೆಡಿ ಫಾರ್ ಡಿಪಾರ್ಚರ್’ ಎನ್ನಬೇಕು. ನಾನು ಮೊದಲು ಓದಿ ಹೇಳಿದ ದೆಹಲಿಯ ಕ್ಲಿಯರೆನ್ಸ್ ನೋಡಿ, ಅದರಲ್ಲಿ ಟೇಕಾಫ್ ಎಲ್ಲಿಯೂ ಇಲ್ಲ. ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ ‘ರೈಟ್ ರೈಟ್’ ಅಂದರೆ ಹೊರಡು ಎಂದೇ. ಟಿಕೆಟ್ ಕೊಡುತ್ತಾ ಯಾರಿಗೋ ‘ರೈಟ್ ಸೈಡಿಗೆ ಸರಿಯಿರಿ’ ಎಂದು ಕೂಗುವ ಅಭ್ಯಾಸ ಅವರಿಗಿದ್ದರೆ ಡ್ರೈವರ್ ಪಾಡೇನು ಎಂದು ಯೋಚಿಸಿ. ಒಂದು ಪದಕ್ಕೆ ಒಂದೇ ಕೆಲಸ ಇರಬೇಕು.

ಸಮಯದ ಅಂತರದ ಮಾತು ಇದಕ್ಕಿಂತ ಕಡಿಮೆ ಮುಖ್ಯವಲ್ಲ ಎಂದು ನನ್ನ ಅಭಿಪ್ರಾಯ. ಸಾಧ್ಯವಾದಷ್ಟೂ ಎಂಜಿನ್ ಶುರು ಮಾಡುವ ಮೊದಲೇ ಕ್ಲಿಯರೆನ್ಸ್ ಕೊಡಬೇಕು. ಗೋಜಲಾದ ತಿರುವುಗಳಲ್ಲಿ ಟ್ಯಾಕ್ಸಿ ಮಾಡುತ್ತಿರುವಾಗ ಕೊಡಬಾರದು. ರನ್‌ವೇಗೆ ಏರುವಾಗಲಂತೂ ಕೂಡದು. ಕೂತು ಬರೆದುಕೊಳ್ಳುತ್ತಿರುವವರ ಮನಸ್ಸೇ ಬೇರೆ, ಥ್ರಾಟಲ್ ಮೇಲೆ ಕೈಯಿಟ್ಟವರ ಮನಸ್ಸೇ ಬೇರೆ.

ಇಷ್ಟಾದ ಮೇಲೂ ಕೇಳುವ ಕಿವಿಯ ಆಸೆ ಬೇರೆ ದಾರಿ ಹುಡುಕುತ್ತದೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಕರಾವಳಿ ಕಾವಲು ಪಡೆಯ ವಿಮಾನ ನೋಟೋ ಭೂಕಂಪದ ಸಂತ್ರಸ್ತರಿಗೆ ಸಾಮಗ್ರಿ ಒಯ್ಯಲು ಹೊರಟಿತ್ತು. ಟವರ್ ಅದಕ್ಕೆ ‘ನಂಬರ್ ವನ್, ಟ್ಯಾಕ್ಸಿ ಟು ಹೋಲ್ಡಿಂಗ್ ಪಾಯಿಂಟ್ ಸಿ ಫೈವ್’ ಎಂದಿತು. ಹೊರಡುವ ಸರದಿಯಲ್ಲಿ ನೀವು ಮೊದಲಿಗರು, ರನ್‌ವೇ ಹೊರಗಿನ ಗೆರೆಯವರೆಗೆ ಬನ್ನಿ ಎಂದರ್ಥ. ಪೈಲಟ್ ತಿರುಗಿ ಓದಿದ್ದು ಅಕ್ಷರಶಃ ಸರಿಯಾಗಿತ್ತು. ಆದರೂ ರನ್‌ವೇ ಪ್ರವೇಶಕ್ಕೆ ಅನುಮತಿ ಸಿಕ್ಕಿದೆ ಎಂದು ತಿಳಿದು ಒಳಗೆ ಹೋಗಿ ಸುಮಾರು 40 ಸೆಕೆಂಡು ಅಲ್ಲೇ ನಿಂತರು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಬಂದು ಗುದ್ದಿತು. ದೊಡ್ಡ ವಿಮಾನದಲ್ಲಿದ್ದ 379 ಜನರೂ ಹೊತ್ತಿ ಉರಿಯುತ್ತಿದ್ದ ವಿಮಾನದಿಂದ ಪಾರಾದರು. ಚಿಕ್ಕದರಲ್ಲಿದ್ದ ಆರರಲ್ಲಿ ಐವರು ಸತ್ತರು. ಅಪಘಾತದ ನಂತರ ಜಪಾನ್ ‘ನಂಬರ್ ವನ್’ ಎಂದು ಸರದಿ ಹೇಳುವುದನ್ನು ಸ್ವಲ್ಪ ಕಾಲ ನಿಲ್ಲಿಸಿಯೇಬಿಟ್ಟಿತು. ಸರದಿ ಹೇಳುವುದು ಸೌಜನ್ಯದ ಮಾತು, ಕಾಯುವವರಿಗೆ ಸಮಾಧಾನ. ಆ ಸಮಾಧಾನದೊಳಗೂ ‘ಹೊರಡಿ’ ಎಂಬುದು ಕೇಳಿಸಬಹುದು. ರೀಡ್‌ಬ್ಯಾಕ್ ಸರಿ ಇದ್ದ ಮಾತ್ರಕ್ಕೆ ಅರ್ಥವೂ ಸರಿಯಾಗಿ ದಾಟಿದೆ ಎಂದು ನಂಬಲಾಗುವುದಿಲ್ಲ ಎಂದು ಹನೇಡಾ ತೋರಿಸಿತು. ಗೆರೆ ಎಳೆದು ಮುಗಿದ ಮೇಲೂ ಕಿಟಕಿಯಾಚೆ ನೋಡಬೇಕು.

ರನ್‌ವೇ ಒಳಗೆ ಬಂದು ನಿಲ್ಲಿ ಎನ್ನಲು ನಾವು ‘ಲೈನ್ ಅಪ್ ಆ್ಯಂಡ್ ವೇಟ್’ ಎನ್ನುತ್ತೇವೆ. ಅಮೆರಿಕದವರು ಬಹುಕಾಲ ‘ಪೊಸಿಷನ್ ಆ್ಯಂಡ್ ಹೋಲ್ಡ್’ ಎನ್ನುತ್ತಿದ್ದು 2010ರಲ್ಲಿ ಉಳಿದ ಜಗತ್ತಿನ ಮಾತಿಗೆ ಬಂದರು. ಇಳಿಯುತ್ತಿರುವ ವಿಮಾನ ಹೋದ ಮೇಲೆ ಒಳಗೆ ಬನ್ನಿ ಎನ್ನುವಾಗ ಷರತ್ತನ್ನು ಎರಡು ಸಲ ಹೇಳುವುದು ಕಡ್ಡಾಯ: ‘ಬಿಹೈಂಡ್ ದ ಲ್ಯಾಂಡಿಂಗ್ ಏರ್‌ಬಸ್, ಲೈನ್ ಅಪ್ ಬಿಹೈಂಡ್’. ಮೊದಲನೆಯದು ರೇಡಿಯೋ ಗದ್ದಲದಲ್ಲಿ ಮುಳುಗಿದರೂ ಕೊನೆಯದು ಉಳಿಯುತ್ತದೆ. ಷರತ್ತೇ ಕಳೆದುಹೋದರೆ ಉಳಿಯುವುದು ಆದೇಶ ಒಂದೇ, ಅದು ಭಯಂಕರ.

ಮಾತು ಸರಿಯಿದ್ದರೆ ಎಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. 2022ರ ಜನವರಿ 7ರ ಬೆಳಿಗ್ಗೆ ನಮ್ಮ ಬೆಂಗಳೂರಿನಲ್ಲೇ ಒಂದೇ ಸಂಸ್ಥೆಯ ಎರಡು ವಿಮಾನಗಳು, ಒಂದು ಕೋಲ್ಕತ್ತಾಗೆ, ಒಂದು ಭುವನೇಶ್ವರಕ್ಕೆ, ಸಮಾನಾಂತರವಾದ ಎರಡು ರನ್‌ವೇಗಳಿಂದ ಹೆಚ್ಚುಕಡಿಮೆ ಒಟ್ಟಿಗೆ ಮೇಲೆದ್ದು ಒಂದರ ಕಡೆಗೊಂದು ಹೊರಟವು. ಉತ್ತರದ ರನ್‌ವೇ ಹೊರಡುವವರಿಗೆ, ದಕ್ಷಿಣದ್ದು ಇಳಿಯುವವರಿಗೆ ಎಂದಿದ್ದುದನ್ನು ಬದಲಿಸಿ ಒಂದೇ ರನ್‌ವೇ ಬಳಸುವ ತೀರ್ಮಾನವಾಗಿತ್ತು. ಅದು ದಕ್ಷಿಣದ ಟವರ್ ಕಂಟ್ರೋಲರ್‌ಗೆ ತಲುಪಿರಲಿಲ್ಲ. ಎರಡಕ್ಕೂ ಟೇಕಾಫ್ ಅನುಮತಿ ಸಿಕ್ಕಿತು. ರೇಡಾರ್ ಮುಂದಿದ್ದ ಅಪ್ರೋಚ್ ಕಂಟ್ರೋಲರ್ ಗಮನಿಸಿ ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅನಾಹುತ ತಪ್ಪಿತು. ಪೈಲಟ್ ಜೊತೆ ಆಡುವ ಮಾತಿಗೆ ನಾವು ಇಟ್ಟುಕೊಂಡ ಕಟ್ಟುನಿಟ್ಟು, ಕಂಟ್ರೋಲರ್ ಕಂಟ್ರೋಲರ್ ನಡುವಿನ ಮಾತಿಗೂ ಅಷ್ಟೇ ಬೇಕು. ತಿರುಗಿ ಓದಿಸಿಕೊಳ್ಳುವ ಪದ್ಧತಿ ಅಲ್ಲಿಯೂ ಗಟ್ಟಿಯಾಗಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು, ಇದನ್ನೆಲ್ಲ ಕಂಪ್ಯೂಟರ್‌ಗೆ ಕೊಡಬಾರದೇಕೆ ಎಂದು ಕೇಳಿದರು. ಅರ್ಧ ಕೊಟ್ಟಾಗಿದೆ. ದೊಡ್ಡ ನಿಲ್ದಾಣಗಳಲ್ಲಿ ಡಿಪಾರ್ಚರ್ ಕ್ಲಿಯರೆನ್ಸ್ ಡೇಟಾ ಲಿಂಕ್ ಮೂಲಕ ಅಕ್ಷರಗಳಲ್ಲೇ ಕಾಕ್‌ಪಿಟ್‌ಗೆ ಬರುತ್ತದೆ. ಉಚ್ಚಾರಣೆ, ಗದ್ದಲ, ತಪ್ಪು ಬರೆದುಕೊಳ್ಳುವುದು ಇವೆಲ್ಲ ಅಲ್ಲಿ ಇಲ್ಲ, ಇದು ಒಳ್ಳೆಯ ಬದಲಾವಣೆ. ಟೇಕಾಫ್ ಅನುಮತಿ ಮಾತ್ರ ಇನ್ನೂ ಬಾಯಿಮಾತಿನಲ್ಲೇ ಇದೆ: ಗಾಳಿಯ ದಿಕ್ಕು ಮತ್ತು ವೇಗ, ರನ್‌ವೇ ಸಂಖ್ಯೆ, ‘ಕ್ಲಿಯರ್ಡ್ ಫಾರ್ ಟೇಕಾಫ್’.

ಇನ್ನೊಬ್ಬ ವಿದ್ಯಾರ್ಥಿನಿ, ಒಮ್ಮೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಬಹುದೇ ಎಂದರು. ಪಡೆಯಬಹುದು, ಅದಕ್ಕೂ ಪದಗಳು ಸಿದ್ಧವಾಗಿವೆ. ವಿಮಾನ ಇನ್ನೂ ನಿಂತಿದ್ದರೆ ‘ಹೋಲ್ಡ್ ಪೊಸಿಷನ್, ಕ್ಯಾನ್ಸಲ್ ಟೇಕಾಫ್, ಐ ಸೇ ಅಗೇನ್, ಕ್ಯಾನ್ಸಲ್ ಟೇಕಾಫ್’ ಎಂದು ಹೇಳಿ ಕಾರಣ ಕೊಡುತ್ತೇವೆ. ಪೈಲಟ್ ‘ಹೋಲ್ಡಿಂಗ್’ ಎನ್ನುತ್ತಾರೆ. ಓಡಲು ಶುರು ಮಾಡಿದ್ದರೆ ಟೇಕಾಫ್ ಎಂಬ ಪದವನ್ನೇ ತರುವುದಿಲ್ಲ. ವಿಮಾನದ ಹೆಸರು, ‘ಸ್ಟಾಪ್ ಇಮ್ಮಿಡಿಯೇಟ್ಲಿ’, ಮತ್ತೆ ಹೆಸರು, ಮತ್ತೆ ‘ಸ್ಟಾಪ್ ಇಮ್ಮಿಡಿಯೇಟ್ಲಿ’. ಪೈಲಟ್ ಉತ್ತರ ‘ಸ್ಟಾಪಿಂಗ್’. ವೇಗ ಒಂದು ಮಿತಿ ದಾಟಿದ ಮೇಲೆ ಉಳಿದ ರನ್‌ವೇಯಲ್ಲಿ ನಿಲ್ಲಲಾಗುವುದಿಲ್ಲ. ಆ ಮಿತಿ ದಾಟಿದೆಯೇ ಎಂಬುದು ಗೊತ್ತಿರುವುದು ಕಾಕ್‌ಪಿಟ್‌ನಲ್ಲಿರುವವರಿಗೆ, ಆ ತೀರ್ಮಾನವೂ ಅವರದೇ.